ಆರ್‌ಪಿಎಂ ಕುಣಿಯುತ್ತಿದ್ದರೆ ಮೊದಲು ಸ್ಕ್ರೂಗೆ ಕೈ ಹಾಕಬೇಡಿ

ಪ್ರಶ್ನೆ: ಸರ್, ನನ್ನದು 2021ರ ಮಾಡೆಲ್, 160 ಸಿಸಿ ಎಫ್‌ಐ (ಫ್ಯುಯೆಲ್ ಇಂಜೆಕ್ಷನ್) ಬೈಕ್. 34 ಸಾವಿರ ಕಿ.ಮೀ. ಓಡಿದೆ. ಬೆಳಗ್ಗೆ ಸ್ಟಾರ್ಟಿಂಗ್ ಚೆನ್ನಾಗಿದೆ. ಇಂಜಿನ್ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಆರ್‌ಪಿಎಂ 1,000ಕ್ಕೆ ಇಳಿಯುತ್ತದೆ, ತಾನಾಗೇ 2,000ಕ್ಕೆ ಏರುತ್ತದೆ, ಮತ್ತೆ ಇಳಿಯುತ್ತದೆ. ಒಮ್ಮೊಮ್ಮೆ ಆಫ್ ಆಗಿಬಿಡುತ್ತದೆ. ಮೀಟರ್‌ನಲ್ಲಿ ಇಂಜಿನ್ ಲೈಟ್ ಬಂದಿಲ್ಲ. ಮೆಕ್ಯಾನಿಕ್ ಒಂದು ಸ್ಕ್ರೂ ತಿರುಗಿಸಿ ಸ್ಲೋ ಜಾಸ್ತಿ ಮಾಡಿಕೊಟ್ಟರು. ಎರಡು ದಿನ ಸರಿ ಇತ್ತು, ಈಗ ಮೊದಲಿಗಿಂತ ಹೆಚ್ಚಾಗಿದೆ. ಥ್ರಾಟಲ್ ಬಾಡಿಯೇ ಬದಲಿಸಬೇಕು ಅಂತಿದ್ದಾರೆ. ಬದಲಿಸಲಾ?
– ಓದುಗರು, ನಿಟುವಳ್ಳಿ, ದಾವಣಗೆರೆ

ಉತ್ತರ: ಈಗಲೇ ಬೇಡ. ಮೊದಲು ಆ ಸ್ಕ್ರೂವನ್ನು ಎಷ್ಟು ತಿರುಗಿಸಿದ್ದರೋ ಅಷ್ಟೇ ವಾಪಸ್ ತಿರುಗಿಸಿಕೊಡಲು ಹೇಳಿ. ಉಳಿದದ್ದು ಆಮೇಲೆ.

ಕಾರ್ಬೊರೇಟರ್ ಗಾಡಿಯಲ್ಲಿ ಸ್ಲೋ, ಅಂದರೆ ಆಕ್ಸಿಲೇಟರ್ ಬಿಟ್ಟಾಗ ಇಂಜಿನ್ ಓಡುವ ವೇಗ, ನಾವು ಕೈಯಲ್ಲಿ ಇಡುವ ಸೆಟಿಂಗ್. ಎಫ್‌ಐ ಗಾಡಿಯಲ್ಲಿ ಹಾಗಲ್ಲ. ಅಲ್ಲಿ ಇಸಿಯು, ಅಂದರೆ ಇಂಜಿನ್ ನೋಡಿಕೊಳ್ಳುವ ಕಂಪ್ಯೂಟರ್, ತಾನೇ ಲೆಕ್ಕ ಹಾಕಿ ಆರ್‌ಪಿಎಂ ಹಿಡಿದಿಡುತ್ತದೆ. ನಿಮ್ಮಂಥ ಗಾಡಿಗೆ ಸಾಮಾನ್ಯವಾಗಿ 1,400ರ ಆಸುಪಾಸು. ಎಷ್ಟು ಗಾಳಿ ಬರುತ್ತಿದೆ, ಇಂಜಿನ್ ಎಷ್ಟು ಬಿಸಿ ಇದೆ, ಆಕ್ಸಿಲೇಟರ್ ಎಷ್ಟು ತಿರುಗಿದೆ ಅಂತ ಸೆನ್ಸರ್‌ಗಳು ಹೇಳುತ್ತವೆ. ಅದಕ್ಕೆ ತಕ್ಕಂತೆ ಪೆಟ್ರೋಲ್ ಬಿಡುತ್ತದೆ.

ಈಗ ಸ್ಕ್ರೂ ತಿರುಗಿಸಿದರೆ ಏನಾಗುತ್ತದೆ ನೋಡಿ. ಥ್ರಾಟಲ್ ಬಾಡಿ ಅಂದರೆ ಇಂಜಿನ್‌ಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಭಾಗ, ಅದರ ಒಳಗಿನ ಪ್ಲೇಟ್ ಸ್ವಲ್ಪ ತೆರೆದೇ ನಿಲ್ಲುತ್ತದೆ. ಆಕ್ಸಿಲೇಟರ್ ಮುಚ್ಚಿದೆ ಅಂತಲೇ ಇಸಿಯು ಅಂದುಕೊಂಡಿರುತ್ತದೆ, ಆದರೆ ಆರ್‌ಪಿಎಂ ಏರುತ್ತಿದೆ. ಓಹೋ, ಗಾಡಿ ಇಳಿಜಾರಿನಲ್ಲಿ ಉರುಳುತ್ತಿದೆ ಎಂದು ತಿಳಿದು ಪೆಟ್ರೋಲ್ ಕಟ್ ಮಾಡುತ್ತದೆ. ಆರ್‌ಪಿಎಂ ಬೀಳುತ್ತದೆ. ಬಿದ್ದ ಕೂಡಲೇ ಮತ್ತೆ ಪೆಟ್ರೋಲ್ ಬಿಡುತ್ತದೆ, ಮತ್ತೆ ಏರುತ್ತದೆ. ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗಿದರೂ ಇದೇ ಆಟ. ಮೆಕ್ಯಾನಿಕ್‌ಗಳು ಇದನ್ನೇ ಹಂಟಿಂಗ್ ಅನ್ನುವುದು. ಕೆಲವು ಮಾಡೆಲ್‌ಗಳಲ್ಲಿ ಸ್ಲೋಗೆಂದೇ ಬೇರೆ ಸ್ಕ್ರೂ ಇರುತ್ತದೆ, ಅದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಪುಸ್ತಕದಲ್ಲಿ ಇಲ್ಲದ ಸ್ಕ್ರೂ ಮುಟ್ಟಬಾರದು, ಅಷ್ಟೇ.

ಇನ್ನು ದುಡ್ಡು ಖರ್ಚಿಲ್ಲದೆ ಮನೆ ಮುಂದೆಯೇ ನೋಡುವಂಥದ್ದು. ಗಾಡಿಯನ್ನು ಸ್ಲೋನಲ್ಲಿ ಬಿಟ್ಟು ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಆರ್‌ಪಿಎಂ ಏರಿದರೆ ಕೇಬಲ್ ಬಿಗಿಯಾಗಿದೆ ಎಂದರ್ಥ. ಗ್ರಿಪ್‌ನಲ್ಲಿ 2ರಿಂದ 6 ಮಿ.ಮೀ. ಖಾಲಿ ಆಟ ಇರಬೇಕು. ಆಮೇಲೆ ಬ್ಯಾಟರಿ ಟರ್ಮಿನಲ್ ಸಡಿಲ ಇದೆಯಾ ನೋಡಿ. ಇಂಜೆಕ್ಟರ್, ಪೆಟ್ರೋಲ್ ಪಂಪ್ ಎಲ್ಲ ಕರೆಂಟ್ ಮೇಲೇ ಬದುಕುವುದು. ನಿಂತ ಗಾಡಿಯಲ್ಲಿ ಬ್ಯಾಟರಿ ಸುಮಾರು 12.5 ವೋಲ್ಟ್, ಸ್ಟಾರ್ಟ್ ಆಗಿ ಸ್ವಲ್ಪ ರೇಸ್ ಕೊಟ್ಟಾಗ 14ರ ಹತ್ತಿರ ತೋರಿಸಬೇಕು. ಎಕ್ಸ್‌ಟ್ರಾ ಫಾಗ್ ಲೈಟ್, ದೊಡ್ಡ ಹಾರ್ನ್ ಹಾಕಿಸಿದ್ದರೆ ಒಂದು ದಿನ ಅವುಗಳ ವೈರ್ ಬಿಚ್ಚಿ ಓಡಿಸಿ ನೋಡಿ.

ನೀವು ಬರೆದದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಬಿಸಿಯಾದ ಮೇಲೆ ಮಾತ್ರ ತೊಂದರೆ ಅನ್ನುವ ಮಾತು. ಹಾಗಾಗಿ ಒಂದು ಪ್ರಶ್ನೆ. ಬಂಕ್‌ನಲ್ಲಿ ‘ಫುಲ್ ಮಾಡಪ್ಪ, ಇನ್ನೂ ಸ್ವಲ್ಪ ಹಿಡಿಯುತ್ತೆ’ ಅಂತ ಟ್ಯಾಂಕ್ ಬಾಯಿವರೆಗೆ ತುಂಬಿಸುವ ಅಭ್ಯಾಸ ಇದೆಯಾ? ಈಗಿನ ಗಾಡಿಗಳಲ್ಲಿ ಟ್ಯಾಂಕ್‌ನ ಆವಿ ಹೊರಗೆ ಹೋಗದಂತೆ ಹಿಡಿಯಲು ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ, ಕ್ಯಾನಿಸ್ಟರ್ ಅಂತ. ಇಂಜಿನ್ ಬಿಸಿಯಾದ ಮೇಲೆ ಒಂದು ವಾಲ್ವ್ ತೆರೆದು ಆ ಆವಿಯನ್ನು ಇಂಜಿನ್ ಒಳಗೆ ಎಳೆದುಕೊಳ್ಳುತ್ತದೆ. ಟ್ಯಾಂಕ್ ಅತಿಯಾಗಿ ತುಂಬಿಸಿದರೆ ಆವಿಯ ಬದಲು ಪೆಟ್ರೋಲೇ ಡಬ್ಬಿಗೆ ಇಳಿಯುತ್ತದೆ. ಆಗ ಬಿಸಿ ಇಂಜಿನ್‌ಗೆ ಬೇಡದ ಪೆಟ್ರೋಲ್ ಹೋಗಿ ಸ್ಲೋ ಕೆಡುತ್ತದೆ, ಆಫ್ ಕೂಡ ಆಗುತ್ತದೆ. ಪೆಟ್ರೋಲ್ ಹಾಕಿಸಿದ ದಿನ ತೊಂದರೆ ಜಾಸ್ತಿ, ವಾಸನೆಯೂ ಬರುತ್ತದೆ ಅಂದರೆ ಅನುಮಾನ ಇಲ್ಲೇ. ಕ್ಯಾನಿಸ್ಟರ್‌ನಿಂದ ಥ್ರಾಟಲ್ ಬಾಡಿಗೆ ಬರುವ ಸಣ್ಣ ಪೈಪನ್ನು ಮೆಕ್ಯಾನಿಕ್ ಅರೆಗಳಿಗೆ ಒತ್ತಿ ಹಿಡಿಯಲಿ. ಆರ್‌ಪಿಎಂ ನೆಟ್ಟಗಾದರೆ ಕಳ್ಳ ಸಿಕ್ಕ. ಬಂಕ್‌ನಲ್ಲಿ ಗನ್ ಮೊದಲ ಸಲ ಕಟ್ ಆದಾಗಲೇ ಸಾಕು ಅನ್ನಿ.

ಅದಲ್ಲದಿದ್ದರೆ ಗಾಳಿಯ ದಾರಿ ಹಿಡಿಯಿರಿ. ನಮ್ಮ ಕಡೆ ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮಂಡಕ್ಕಿ ಭಟ್ಟಿ ಕಡೆ ದಿನಾ ಓಡಾಡುವವರ ಗಾಡಿಯ ಏರ್ ಫಿಲ್ಟರ್ ಬಿಚ್ಚಿದರೆ ಮಸಿ ಉದುರುತ್ತದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಹಳ್ಳಿ ರಸ್ತೆ ಮೇಲೇ ಒಕ್ಕಣೆ, ಅಲ್ವಾ? ಅದರ ಸಣ್ಣ ಹೊಟ್ಟು ಫಿಲ್ಟರ್ ಬಾಕ್ಸ್‌ನ ಮೂಲೆಯಲ್ಲಿ ಪದರ ಪದರವಾಗಿ ಕೂತಿರುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಎಷ್ಟೋ ಹೊಸ ಗಾಡಿಗಳ ಪೇಪರ್ ಫಿಲ್ಟರ್‌ಗೆ ಎಣ್ಣೆ ಸವರಿರುತ್ತದೆ. ಮುಟ್ಟಿದರೆ ಬೆರಳಿಗೆ ಜಿಗುಟು ಹತ್ತುತ್ತದೆ. ಅಂಥದ್ದಕ್ಕೆ ಗಾಳಿ ಹೊಡೆಸಿ ಮತ್ತೆ ಹಾಕಿದರೆ ಉಪಯೋಗವಿಲ್ಲ, ಬದಲಿಸಲೇಬೇಕು. ನಿಮ್ಮ ಓಡಾಟ ಧೂಳಿನಲ್ಲಾದರೆ ಪುಸ್ತಕದಲ್ಲಿ ಬರೆದದ್ದಕ್ಕಿಂತ ಬೇಗ.

ಫಿಲ್ಟರ್ ದಾಟಿದರೆ ಥ್ರಾಟಲ್ ಬಾಡಿ. ಅದನ್ನು ಬದಲಿಸುವ ಮೊದಲು ಕ್ಲೀನ್ ಮಾಡಿಸಿದ್ದಾರಾ? ಪ್ಲೇಟ್‌ನ ಅಂಚಿನಲ್ಲಿ ಕಪ್ಪು ಜಿಡ್ಡು ಉಂಗುರದಂತೆ ಕಟ್ಟಿಕೊಳ್ಳುತ್ತದೆ. ಪ್ಲೇಟ್ ಮುಚ್ಚಿದಾಗ ಉಳಿಯುವ ಕೂದಲೆಳೆ ಸಂದಿಯಲ್ಲೇ ಸ್ಲೋ ಗಾಳಿ ಹೋಗಬೇಕು, ಅದು ಕಟ್ಟಿಕೊಂಡಿತೆಂದರೆ ಗಾಡಿ ಉಸಿರುಗಟ್ಟಿ ಆಫ್ ಆಗುತ್ತದೆ. ಪಕ್ಕದಲ್ಲೇ ಸ್ಲೋ ಗಾಳಿಯನ್ನು ನಿಯಂತ್ರಿಸುವ ಸಣ್ಣ ವಾಲ್ವ್ ಕೂಡ ಇರಬಹುದು, ಅದರ ದಾರಿಯೂ ಕಟ್ಟುತ್ತದೆ. ಕ್ಲೀನ್ ಮಾಡುವಾಗ ಥ್ರಾಟಲ್ ಬಾಡಿ ಕ್ಲೀನರ್ ಅನ್ನು ಬಟ್ಟೆಗೆ ಹಾಕಿ ಒರೆಸಬೇಕು. ಸೆನ್ಸರ್ ಮೇಲೆ ನೇರ ಸ್ಪ್ರೇ ಬೇಡ. ತಂತಿ, ಎಮರಿ ಪೇಪರ್ ಅಂತೂ ಬೇಡವೇ ಬೇಡ, ಒಳಗೆ ತೆಳುವಾದ ಲೇಪನ ಇರುತ್ತದೆ. ಜೋಡಿಸಿದ ಮೇಲೆ ಕೀ ಆನ್ ಮಾಡಿ ಪಂಪ್‌ನ ‘ಝೂಂ’ ಸದ್ದು ನಿಲ್ಲುವವರೆಗೆ ಕಾಯಿರಿ. ಸ್ಟಾರ್ಟ್ ಮಾಡಿ ಆಕ್ಸಿಲೇಟರ್ ಮುಟ್ಟದೆ ಇಂಜಿನ್ ಪೂರ್ತಿ ಬಿಸಿಯಾಗುವವರೆಗೆ ಸುಮ್ನೆ ಬಿಡಿ. ಇಸಿಯು ಹೊಸ ಅಳತೆಗೆ ಹೊಂದಿಕೊಳ್ಳಬೇಕು. ಕೆಲವು ಮಾಡೆಲ್‌ಗೆ ಸ್ಕ್ಯಾನರ್ ಹಾಕಿ ರೀಸೆಟ್ ಮಾಡಬೇಕಾಗುತ್ತದೆ.

ಥ್ರಾಟಲ್ ಬಾಡಿ ಮತ್ತು ಇಂಜಿನ್ ನಡುವಿನ ರಬ್ಬರ್ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿರಬಹುದು. ಕ್ಲಾಂಪ್ ಸಡಿಲ ಇರಬಹುದು. ಗಾಡಿ ಸ್ಲೋನಲ್ಲಿದ್ದಾಗ ಆ ರಬ್ಬರ್ ಸುತ್ತ ಸೋಪಿನ ನೀರು ಸ್ವಲ್ಪ ಸಿಂಪಡಿಸಿ. ಆರ್‌ಪಿಎಂ ಬದಲಾದರೆ ಅಲ್ಲೇ ಗಾಳಿ ನುಗ್ಗುತ್ತಿದೆ. ಇದೇ ಪರೀಕ್ಷೆಗೆ ಪೆಟ್ರೋಲ್ ಚಿಮುಕಿಸುವವರಿದ್ದಾರೆ. ಬಿಸಿ ಇಂಜಿನ್ ಪಕ್ಕದಲ್ಲಿ ಪೆಟ್ರೋಲ್! ದಯವಿಟ್ಟು ಹಾಗೆ ಮಾಡಲು ಬಿಡಬೇಡಿ.

34 ಸಾವಿರದಲ್ಲಿ ಟ್ಯಾಪೆಟ್ (ಇಂಜಿನ್ ವಾಲ್ವನ್ನು ಒತ್ತಿ ತೆರೆಯುವ ಭಾಗ) ಒಮ್ಮೆಯಾದರೂ ಚೆಕ್ ಆಗಿದೆಯಾ? ವಾಲ್ವ್ ಸವೆದಂತೆ ಟ್ಯಾಪೆಟ್ ಸಂದಿ ಕಡಿಮೆಯಾಗಿ ವಾಲ್ವ್ ಪೂರ್ತಿ ಕೂರುವುದಿಲ್ಲ. ಸ್ಪೀಡ್‌ನಲ್ಲಿ ಗೊತ್ತಾಗದ ಸೋರಿಕೆ ಸ್ಲೋನಲ್ಲಿ ಗೊತ್ತಾಗುತ್ತದೆ. ಟ್ಯಾಪೆಟ್ ಸದ್ದೇ ಇಲ್ಲ, ಇಂಜಿನ್ ಸ್ಮೂತ್ ಇದೆ ಅಂತ ಖುಷಿಪಡುವವರ ಗಾಡಿಯಲ್ಲೇ ಇದು ಹೆಚ್ಚು. ಸಂದಿ 0.1 ಮಿ.ಮೀ. ಆಸುಪಾಸಿನದ್ದು, ಸರಿಯಾದ ಅಳತೆ ಮಾಡೆಲ್‌ಗೆ ತಕ್ಕಂತೆ ಬೇರೆ. ಇಂಜಿನ್ ತಣ್ಣಗಿರುವಾಗಲೇ ಅಳೆಯಬೇಕು. ಕೆಲವು ಕಂಪನಿಯವರು 35 ಡಿಗ್ರಿಗಿಂತ ಕೆಳಗೆ ಅಂತಾರೆ. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯಲ್ಲಿ ಗಾಡಿ ಸ್ಟಾರ್ಟ್ ಮಾಡದೇ ಇದ್ದರೂ ಅದು ಸಿಗುವುದಿಲ್ಲ! ರಾತ್ರಿಯೇ ಗಾಡಿ ಬಿಟ್ಟು ಬನ್ನಿ, ಬೆಳಗ್ಗೆ ಮೊದಲ ಕೆಲಸವಾಗಿ ಮಾಡಲಿ. ಪ್ಲಗ್ ಹಳೆಯದಾಗಿದ್ದರೆ ಅದನ್ನೂ ಆಗಲೇ ಬದಲಿಸಿಬಿಡಿ.

ಇಂಜಿನ್ ಲೈಟ್ ಬಂದಿಲ್ಲ ಅಂದಿರಿ. ಅದಕ್ಕೆ ವೈರಿಂಗ್, ಸೆನ್ಸರ್‌ಗಳ ಕಾಯಿಲೆ ಗೊತ್ತಾಗುತ್ತದೆ. ಜಿಡ್ಡು, ಟ್ಯಾಪೆಟ್, ಸಣ್ಣ ಬಿರುಕು ಎಷ್ಟೋ ಸಲ ಗೊತ್ತಾಗುವುದಿಲ್ಲ. ನನ್ನ ಅಂದಾಜು ಕೇಳಿದರೆ, ನಿಮ್ಮದು ಜಿಡ್ಡು ಕಟ್ಟಿದ ಥ್ರಾಟಲ್ ಬಾಡಿ, ಅದರ ಮೇಲೆ ತಿರುಗಿಸಿದ ಸ್ಕ್ರೂ. ಇಷ್ಟೆಲ್ಲ ಮಾಡಿದರೂ ಸರಿಹೋಗದಿದ್ದರೆ ಪೆಟ್ರೋಲ್ ಪಂಪ್‌ನ ಪ್ರೆಷರ್ ಗೇಜ್ ಹಾಕಿ ನೋಡಲಿ. ಬಹಳಷ್ಟು ಗಾಡಿಗಳಲ್ಲಿ ಸುಮಾರು 3 ಬಾರ್ ಬರಬೇಕು. ಥ್ರಾಟಲ್ ಬಾಡಿ ಬದಲಿಸುವ ಮಾತು ಅದಾದ ಮೇಲೆ.

ಪ್ರಶ್ನೆ: ನನ್ನ ಹೊಸ ಬೈಕ್ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ 1,800ರವರೆಗೆ ಏರಿ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ತೊಂದರೆ ಏನಾದರೂ ಇದೆಯಾ?
– ಓದುಗರು, ಚಳ್ಳಕೆರೆ

ಉತ್ತರ: ಏನೂ ಇಲ್ಲ. ಇಂಜಿನ್ ತಣ್ಣಗಿದೆ ಅಂತ ಸೆನ್ಸರ್ ಹೇಳಿದಾಗ ಇಸಿಯು ಬೇಕೆಂದೇ ಆರ್‌ಪಿಎಂ ಏರಿಸುತ್ತದೆ. ಹಳೇ ಗಾಡಿಯಲ್ಲಿ ಚೋಕ್ ಎಳೆಯುತ್ತಿದ್ದೆವಲ್ಲ, ಆ ಕೆಲಸ ಈಗ ತಾನಾಗೇ ಆಗುತ್ತದೆ. ಪೂರ್ತಿ ಬಿಸಿಯಾದ ಮೇಲೂ ಇಳಿಯದಿದ್ದರೆ ಆಗ ತೋರಿಸಿ.

ಪ್ರಶ್ನೆ: ನನ್ನದು 2012ರ ಕಾರ್ಬೊರೇಟರ್ ಬೈಕ್. ತಿಂಗಳುಗಟ್ಟಲೆ ನಿಂತಿತ್ತು. ಈಗ ಚೋಕ್ ಎಳೆದರೆ ಮಾತ್ರ ಸ್ಲೋ ನಿಲ್ಲುತ್ತದೆ, ಬಿಟ್ಟರೆ ಆಫ್.
– ಓದುಗರು, ಹೊಳಲ್ಕೆರೆ

ಉತ್ತರ: ಸ್ಲೋ ಜೆಟ್, ಅಂದರೆ ಸ್ಲೋನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತು, ಕಟ್ಟಿದೆ. ನಿಂತ ಪೆಟ್ರೋಲ್ ಆರಿ ಅಂಟಾಗಿ ಆ ಸಣ್ಣ ತೂತಿನಲ್ಲಿ ಕೂತಿರುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುವುದರಿಂದ ನೀರನ್ನೂ ಹೀರಿಕೊಂಡಿರುತ್ತದೆ. ಟ್ಯಾಂಕ್‌ನ ಹಳೇ ಪೆಟ್ರೋಲ್ ಪೂರ್ತಿ ತೆಗೆಸಿ, ಕಾರ್ಬೊರೇಟರ್ ಬಿಚ್ಚಿ ಜೆಟ್‌ಗೆ ಕ್ಲೀನರ್ ಮತ್ತು ಗಾಳಿ ಹೊಡೆಸಿ. ಪಿನ್ ಚುಚ್ಚಿಸಬೇಡಿ, ತೂತು ಹಿಗ್ಗಿದರೆ ಜೆಟ್ಟೇ ಬದಲಿಸಬೇಕಾಗುತ್ತದೆ. ನಿಮ್ಮ ಗಾಡಿಯಲ್ಲಿ ಮಾತ್ರ ಕೊನೆಗೆ ಸ್ಕ್ರೂ ತಿರುಗಿಸಿ ಸ್ಲೋ ಇಡಬಹುದು, ಇಂಜಿನ್ ಬಿಸಿಯಾದ ಮೇಲೆ.