ಲೀನ್ ಎಂದರೆ ಆಳು ಕಡಿಮೆ ಮಾಡುವುದೇ?

ಪ್ರಶ್ನೆ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಘಟಕವೊಂದರಲ್ಲಿ ನಾನು ಸೂಪರ್‌ವೈಸರ್. ‘ಲೀನ್’ ಪದ್ಧತಿ ಜಾರಿಗೆ ತರುತ್ತೇವೆಂದು ಪ್ರಕಟಿಸಿದ ವಾರದಲ್ಲೇ, ದಾಸ್ತಾನನ್ನು ಅರ್ಧಕ್ಕಿಳಿಸಿ ಪ್ರತಿ ಪಾಳಿಯಿಂದ ಇಬ್ಬರನ್ನು ತೆಗೆಯುವಂತೆ ಸೂಚನೆ ಬಂದಿದೆ. ಲೀನ್ ಎಂದರೆ ಇಷ್ಟೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಅಲ್ಲ. ಲೀನ್ ಎಂದರೆ ಕೆಲಸದಲ್ಲಿನ ವ್ಯರ್ಥವನ್ನು ಕಳೆಯುವುದು, ಆಳನ್ನಲ್ಲ. ಈ ತಪ್ಪು ತಿಳಿವಳಿಕೆಗೆ ಹೆಸರೂ ಸ್ವಲ್ಪ ಮಟ್ಟಿಗೆ ಕಾರಣ. ಟೊಯೋಟಾ ಕಂಪನಿಯ ಉತ್ಪಾದನಾ ಪದ್ಧತಿಯನ್ನು ವಿವರಿಸಲು ಸಂಶೋಧಕ ಜಾನ್ ಕ್ರಾಫ್ಚಿಕ್ ಅವರು 1988ರ ಲೇಖನವೊಂದರಲ್ಲಿ ಬಳಸಿದ ಈ ಪದವನ್ನು ಕೇಳಿದೊಡನೆ ‘ಸಣಕಲು’ ಎಂಬ ಅರ್ಥವೇ ಹೊಳೆಯುತ್ತದೆ. ಆ ಪದ್ಧತಿಯನ್ನು ರೂಪಿಸಿದ ತಾಯಿಚಿ ಓನೊ ಅವರು ಏಳು ಬಗೆಯ ವ್ಯರ್ಥಗಳನ್ನು ಗುರುತಿಸಿದ್ದರು: ಬೇಡಿಕೆಗಿಂತ ಹೆಚ್ಚಿನ ತಯಾರಿಕೆ, ಕಾಯುವಿಕೆ, ಸಾಗಾಟ, ಬೇಡದ ಸಂಸ್ಕರಣೆ, ದಾಸ್ತಾನು, ಬೇಡದ ಓಡಾಟ ಮತ್ತು ದೋಷ. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಉಳಿದ ಹಲವನ್ನು ಹುಟ್ಟಿಸುವುದು ಅದೇ.

ಮಂಡ್ಯದ ಆಲೆಮನೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಡಿಯುವವರು ಚುರುಕಾಗಿದ್ದಾರೆಂದು ಮೂರು ದಿನದ ಕಬ್ಬನ್ನು ಒಂದೇ ದಿನ ಕಡಿಸಿದರೆ, ಗಾಣದ ಮುಂದೆ ಬಿದ್ದ ಕಬ್ಬು ಒಣಗಿ, ತೂಕವೂ ಸಕ್ಕರೆಯ ಅಂಶವೂ ಇಳಿದು, ಬೆಲ್ಲ ಸರಿಯಾಗಿ ಕಟ್ಟುವುದಿಲ್ಲ. ಕೊಪ್ಪರಿಗೆಯ ಅಳತೆಗೆ ತಕ್ಕಂತೆ ಗದ್ದೆಯಲ್ಲಿ ಕತ್ತಿ ಆಡಬೇಕು. ಮುಂದಿನ ಹಂತದ ಅಗತ್ಯವೇ ಹಿಂದಿನ ಹಂತದ ಗತಿಯನ್ನು ನಿರ್ಧರಿಸಬೇಕೆಂಬ ಟೊಯೋಟಾದ ‘ಕಾನ್‌ಬಾನ್’ (ಬೇಕಾದ ಮಾಲಿಗಾಗಿ ಹಿಂದಿನ ಹಂತಕ್ಕೆ ಕಳುಹಿಸುವ) ಚೀಟಿಯ ತಿರುಳೂ ಇದೇ.

ದಾಸ್ತಾನಿನ ವಿಷಯದಲ್ಲಿ ನಿಮ್ಮ ಆಡಳಿತವು ಕಾರ್ಯ ಕಾರಣಗಳನ್ನು ಅದಲುಬದಲು ಮಾಡಿದೆ. ಯಂತ್ರ ಕೆಡುವುದು, ಅಚ್ಚು ಬದಲಿಸಲು ಗಂಟೆಗಟ್ಟಲೆ ಹಿಡಿಯುವುದು, ಕಚ್ಚಾ ಮಾಲು ತಡವಾಗುವುದು, ಇವು ಕಡಿಮೆಯಾದಂತೆ ದಾಸ್ತಾನಿನ ಅಗತ್ಯ ತಗ್ಗುತ್ತದೆಯೇ ಹೊರತು, ದಾಸ್ತಾನನ್ನು ಅರ್ಧ ಮಾಡಿದ ಮಾತ್ರಕ್ಕೆ ಅವು ಸರಿಹೋಗುವುದಿಲ್ಲ. ಜಪಾನಿನ 2011ರ ಭೂಕಂಪದ ನಂತರ ಟೊಯೋಟಾ ಸಹ ಚಿಪ್‌ಗಳನ್ನು ಕೆಲವು ತಿಂಗಳಿಗಾಗುವಷ್ಟು ಕೂಡಿಟ್ಟುಕೊಳ್ಳುವಂತೆ ಪೂರೈಕೆದಾರರಿಗೆ ಸೂಚಿಸಿತ್ತು.

ಇನ್ನು ಆಳುಗಳ ಮಾತು. ಟೊಯೋಟಾ ಯಾರನ್ನೂ ತೆಗೆದೇ ಇಲ್ಲವೆಂದಲ್ಲ. 1950ರ ಬಿಕ್ಕಟ್ಟಿನಲ್ಲಿ ತೆಗೆಯಿತು, ಆದರೆ ಆಗ ಅಧ್ಯಕ್ಷ ಕೀಚಿರೊ ಟೊಯೋಡ ಅವರೂ ಹೊಣೆ ಹೊತ್ತು ರಾಜೀನಾಮೆ ನೀಡಿದರು. (ನಮ್ಮಲ್ಲಿ ಲೀನ್ ಕುರಿತು ಭಾಷಣ ಮಾಡುವವರು ಈ ಅರ್ಧವನ್ನು ಮರೆಯುತ್ತಾರೆ.) ಕೆಲಸ ಸುಧಾರಿಸಿದಾಗ ಕೆಲವರ ಕೈ ಬಿಡುವಾಗುವುದು ನಿಜ. ಅವರನ್ನು ಮನೆಗೆ ಕಳುಹಿಸಿದರೆ, ಉಳಿದವರು ಮುಂದೆಂದೂ ಒಂದು ದೋಷವನ್ನೂ ತೋರಿಸಿಕೊಡುವುದಿಲ್ಲ. ದೋಷ ಕಂಡ ಕಾರ್ಮಿಕನೇ ಹಗ್ಗ ಎಳೆದು ಉತ್ಪಾದನಾ ಸಾಲನ್ನು ನಿಲ್ಲಿಸಬಹುದಾದ ಟೊಯೋಟಾದ ಪದ್ಧತಿಯು ಭಯವಿರುವಲ್ಲಿ ನಡೆಯದು.

ಒಂದು ವಾರ ಯಾವ ಯಂತ್ರದ ಮುಂದೆ ಮಾಲು ಎಷ್ಟು ಹೊತ್ತು ಕಾಯುತ್ತದೆಂದು ಬರೆದಿಡಿ. ಆ ಹಾಳೆಯನ್ನು ಮುಂದಿಟ್ಟು, ಪ್ರತಿ ಪಾಳಿಯಿಂದ ತೆಗೆಯಬೇಕೆಂದಿರುವ ಇಬ್ಬರನ್ನು ಅಚ್ಚು ಬದಲಿಸುವ ಸಮಯ ಇಳಿಸುವ ಕೆಲಸಕ್ಕೆ ಮೂರು ತಿಂಗಳ ಮಟ್ಟಿಗೆ ಬಿಟ್ಟುಕೊಡುವಂತೆ ಕೇಳಿ.