2024ರಲ್ಲಿ ಇಂಡಿಯಾನಾ 11 ಮ್ಯಾಚ್ ಗೆದ್ರೂ ಜನ ಯಾಕೆ ಒಪ್ಲಿಲ್ಲ?

ಅಮೆರಿಕದ ಕಾಲೇಜ್ ಫುಟ್‌ಬಾಲಲ್ಲಿ ಟಾಪ್ ಲೆವೆಲ್ಲಲ್ಲೇ ನೂರಮೂವತ್ತಕ್ಕೂ ಜಾಸ್ತಿ ಟೀಮ್ ಇವೆ, ಆದ್ರೆ ಪ್ಲೇಆಫ್‌ಗೆ (ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ನಾಕೌಟ್ ಮ್ಯಾಚ್‌ಗಳು) ಮುಂಚೆ ಒಂದೊಂದು ಟೀಮಿಗೆ ಸಾಮಾನ್ಯವಾಗಿ ಸಿಗೋದು 12 ಮ್ಯಾಚ್ ಅಷ್ಟೆ, ಹಂಗಾಗಿ ಎಷ್ಟು ಗೆದ್ರಿ ಅನ್ನೋದಕ್ಕಿಂತ ಯಾರ ಮೇಲೆ ಗೆದ್ರಿ ಅನ್ನೋದೇ ಜಗಳ ಆಗುತ್ತೆ. ಇಂಡಿಯಾನಾ ಯೂನಿವರ್ಸಿಟಿ ಟೀಮ್ 11-1 (11 ಗೆಲುವು, 1 ಸೋಲು), ಆದ್ರೆ ಅವ್ರ ಶೆಡ್ಯೂಲ್ ಸುಲಭ ಇತ್ತು ಅಂತ ಜನ ದೂರಿದ್ರು, ದೊಡ್ಡ ಪರೀಕ್ಷೆ ಅಂತ ಬಂದಾಗ ಓಹಾಯೋ ಸ್ಟೇಟ್ ಹತ್ರ 38-15 ಸೋತ್ರು. ಅಲಬಾಮಾ ಫ್ಯಾನ್ಸ್ ವಾದ ಏನಂದ್ರೆ ನಾವು 9-3 ಆದ್ರೂ ಜಾರ್ಜಿಯಾದಂಥ ದೊಡ್ಡ ಟೀಮ್‌ನ ಸೋಲಿಸಿದೀವಿ, ನಮ್ ಶೆಡ್ಯೂಲೇ ಟಫ್ ಅಂತ. ನಾನು ಇದನ್ನ ಒಪ್ಪಲ್ಲ. ವ್ಯಾಂಡರ್‌ಬಿಲ್ಟ್ ಕೈಲೂ ಸೋತು, 6-6 ಇದ್ದ ಓಕ್ಲಹೋಮಾ ಹತ್ರ 24-3 ಸೋತ ಮೇಲೆ ಶೆಡ್ಯೂಲ್ ತೋರ್ಸಿದ್ರೆ ಹೆಂಗೆ? ಪ್ಲೇಆಫ್‌ಗೆ ಟೀಮ್ ಆರಿಸೋ ಕಮಿಟಿನೂ ಇಂಡಿಯಾನಾನ ತಗೊಂಡು ಅಲಬಾಮಾನ ಬಿಡ್ತು.

ಇನ್ನು ಕೋಚಿಂಗ್ ವಿಷ್ಯ. 2023ರಲ್ಲಿ 3-9 ಇದ್ದ ಟೀಮ್ ಇಂಡಿಯಾನಾ! 2024ರಲ್ಲಿ ಅದರ ಕೋಚ್ ಆದ ಕರ್ಟ್ ಸಿಗ್ನೆಟ್ಟಿ, ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿ ಟೀಮ್ ಬಿಟ್ಟು ಬರುವಾಗ ಅಲ್ಲಿನ ಆಫೆನ್ಸ್, ಡಿಫೆನ್ಸ್ ಕೋಆರ್ಡಿನೇಟರ್‌ಗಳನ್ನೂ (ದಾಳಿ, ರಕ್ಷಣೆ ನೋಡ್ಕೊಳ್ಳೋ ಸಹಾಯಕ ಕೋಚ್‌ಗಳು), ಸುಮಾರು ಪ್ಲೇಯರ್ಸನ್ನೂ ಜೊತೆಗೇ ಕರ್ಕೊಂಡು ಬಂದ್ರು, ಅದಕ್ಕೇ ಮೊದಲ ವರ್ಷನೇ ಸೆಟ್ ಆಯ್ತು. ಇನ್ನು ಶೆಡ್ಯೂಲ್ ಸುಲಭ ಅನ್ನೋದಕ್ಕೆ, ಕಾನ್ಫರೆನ್ಸ್ ಮ್ಯಾಚ್‌ಗಳನ್ನ ಹಾಕೋದು ಬಿಗ್ ಟೆನ್ (ಇಂಡಿಯಾನಾ ಇರೋ ಕಾನ್ಫರೆನ್ಸ್, ಅಂದ್ರೆ ಟೀಮ್‌ಗಳ ಗುಂಪು), ಕೋಚ್ ಅಲ್ಲ, ಅದಕ್ಕೆ ಅವ್ರನ್ನ ಬೈಯೋದು ತಪ್ಪು.