ಶೇಕಡಾ 35 ಎಂದು ಬರೆದು ಮಾಸಾಶನ ತಿರಸ್ಕರಿಸಿದರೆ ಎಲ್ಲಿಗೆ ಮೇಲ್ಮನವಿ ಹಾಕಬೇಕು?

ಅಪಘಾತದ ನಂತರ ನಿಮ್ಮ ತಮ್ಮನ ಎಡಗೈ, ಎಡಗಾಲು ಎರಡರಲ್ಲೂ ಬಲ ಕುಂದಿದೆ, ವೈದ್ಯಕೀಯ ಮಂಡಳಿ ಅಂಗವೈಕಲ್ಯ ಶೇಕಡಾ 35 ಎಂದು ಪ್ರಮಾಣಪತ್ರ ಕೊಟ್ಟಿದೆ, ತಾಲ್ಲೂಕು ಕಚೇರಿಯವರು ವಿಕಲಚೇತನರ ಮಾಸಾಶನದ ಅರ್ಜಿಯನ್ನು ತಿರಸ್ಕರಿಸಿದ್ದಾರೆ, ತಹಶೀಲ್ದಾರರ ಆದೇಶದ ಮೇಲೆ ಮೇಲ್ಮನವಿ ಹಾಕಬೇಕೇ ಅಥವಾ ಹೊಸ ಅರ್ಜಿ ಕೊಡಬೇಕೇ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನನಗೂ ಇದೇ ಆಗಿತ್ತು. ಬಿಟ್ಟುಬಿಡಬೇಡಿ. ಆದರೆ ತಹಶೀಲ್ದಾರರ ಮೇಲೆ ಹೋಗಿ ತಿಂಗಳುಗಳನ್ನು ಕಳೆದುಕೊಳ್ಳಬೇಡಿ.

ಮೊದಲು ಹಿಂಬರಹವನ್ನು, ಅಂದರೆ ತಿರಸ್ಕಾರದ ಕಾರಣ ಬರೆದು ಕೊಟ್ಟ ಪತ್ರವನ್ನು, ಓದಿ. ಆದಾಯ ಮಿತಿ, ವಾಸಸ್ಥಳ ಅಥವಾ ದಾಖಲೆ ಸಾಲದು ಎಂದು ಬರೆದಿದ್ದರೆ ಜಗಳ ಕಂದಾಯ ಇಲಾಖೆಯಲ್ಲೇ ಇದೆ. ಅರ್ಜಿಯ ಸ್ವೀಕೃತಿಯಲ್ಲಿರುವ ಸಕಾಲ ಸಂಖ್ಯೆ ಹಿಡಿದು ಅಲ್ಲೇ ಮೇಲ್ಮನವಿ ಹಾಕಬಹುದು. ಮಾಸಾಶನಕ್ಕೆ ಕನಿಷ್ಠ ಬೇಕಾದ ಶೇಕಡಾ 40ಕ್ಕಿಂತ ಕಡಿಮೆ ಎಂದಿದ್ದರೆ ತಹಶೀಲ್ದಾರರು ಬರೀ ಪ್ರಮಾಣಪತ್ರವನ್ನು ಓದಿದ್ದಾರೆ, ಅಷ್ಟೇ. ಅವರ ಮೇಲಧಿಕಾರಿಯೂ ಅದನ್ನೇ ಓದುತ್ತಾರೆ. ನಾನು ಐದು ತಿಂಗಳು ಅಲೆದ ಮೇಲೆ ಒಬ್ಬ ಗುಮಾಸ್ತರು ಕೂರಿಸಿಕೊಂಡು ಹೇಳಿದರು: ‘ಡಾಕ್ಟರು ಬರೆದ ಅಂಕಿಯನ್ನು ನಾವು ತಿದ್ದಲು ಬರುವುದಿಲ್ಲ.’ ಆ ಮಾತು ಸರಿಯಾಗಿಯೇ ಇತ್ತು.

ಆ ಅಂಕಿಯನ್ನು ಪ್ರಶ್ನಿಸಲು ಬೇರೆಯೇ ದಾರಿ ಇದೆ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ಸೆಕ್ಷನ್ 59ರ ಪ್ರಕಾರ, ಪ್ರಮಾಣಪತ್ರ ಕೊಡುವ ಪ್ರಾಧಿಕಾರದ ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಸರ್ಕಾರ ಗೊತ್ತುಪಡಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದಕ್ಕೆ ಕಾಲಮಿತಿ ಇರುತ್ತದೆ. ಪ್ರಮಾಣಪತ್ರ ಕೊಟ್ಟ ಆಸ್ಪತ್ರೆಯಲ್ಲಿ ಅಥವಾ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಈ ವಾರವೇ ಕೇಳಿ.

ಮೇಲ್ಮನವಿ ಬರೆಯುವ ಮೊದಲು ಆ 35 ಎಲ್ಲಿಂದ ಬಂತು ಎಂದು ತಿಳಿಯಬೇಕು. ಪ್ರಮಾಣಪತ್ರದಲ್ಲಿ ಕಾಣುವುದು ಒಟ್ಟು ಅಂಕಿ ಮಾತ್ರ. ಮೌಲ್ಯಮಾಪನ ಹಾಳೆಯ ಪ್ರತಿಯನ್ನು ಮೊದಲು ಬಾಯಿಮಾತಿನಲ್ಲಿ ಕೇಳಿ; ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, 30 ದಿನಗಳೊಳಗೆ ಉತ್ತರ ಬರಬೇಕು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ನಾನು ಒಂದೇ ವಾಕ್ಯ ಬರೆದಿದ್ದೆ: ನನ್ನ ಪರೀಕ್ಷೆಯ ದಿನ ಕೈಗೆ ಎಷ್ಟು, ಕಾಲಿಗೆ ಎಷ್ಟು ಎಂದು ದಾಖಲಿಸಿದ ಹಾಳೆಯ ಪ್ರತಿ ಕೊಡಿ.

ಬಂದ ಹಾಳೆಯಲ್ಲಿ ಕೈಗೆ 30 ಇತ್ತು. ಕಾಲಿನ ಎದುರು ಏನೂ ಇರಲಿಲ್ಲ. ಯಾಕೆಂದು ನನಗೆ ತಕ್ಷಣ ಹೊಳೆಯಿತು. ವೈದ್ಯರು ನಡೆಯಿರಿ ಎಂದಾಗ ನಾನು ಊರುಗೋಲನ್ನು ಹೆಂಡತಿಯ ಕೈಗೆ ಕೊಟ್ಟು, ಹಲ್ಲು ಕಚ್ಚಿ ಏಳೆಂಟು ಹೆಜ್ಜೆ ನೇರವಾಗಿ ನಡೆದಿದ್ದೆ. ಸಾಲಿನಲ್ಲಿ ಕುಳಿತ ಅಷ್ಟು ಜನರ ಮುಂದೆ ಕುಂಟಲು ಮನಸ್ಸು ಬರಲಿಲ್ಲ. ಅವರು ಕಂಡದ್ದನ್ನು ಬರೆದರು. ಇದನ್ನು ಓದುವಾಗ ನಿಮ್ಮ ತಮ್ಮನ ನೆನಪಾದರೆ, ಅವರನ್ನು ಬೈಯಬೇಡಿ.

ಮೇಲ್ಮನವಿ ಅರ್ಧ ಪುಟದ್ದು. ಮನೆಯ ಕಷ್ಟ, ಸಾಲ, ಮಕ್ಕಳ ಓದು ಯಾವುದನ್ನೂ ಬರೆಯಲಿಲ್ಲ. ಅವೆಲ್ಲ ನಿಜವೇ, ಆದರೆ ಅವುಗಳಿಂದ ಶೇಕಡಾವಾರು ಬದಲಾಗುವುದಿಲ್ಲ. ‘ಎಡಗಾಲನ್ನು ಅಳೆದಿಲ್ಲ, ದಯವಿಟ್ಟು ಮರುಪರೀಕ್ಷೆ ಮಾಡಿಸಿ’ ಎಂದು ಬರೆದು, ಫಿಸಿಯೋಥೆರಪಿಸ್ಟ್ ಸೊನ್ನೆಯಿಂದ ಐದರವರೆಗಿನ ಅಳತೆಯಲ್ಲಿ ಗುರುತಿಸಿದ್ದ ಸ್ನಾಯುಬಲದ ದಾಖಲೆ, ಆಸ್ಪತ್ರೆಯಿಂದ ಬಿಡುಗಡೆಯಾದಾಗಿನ ಸಾರಾಂಶ, ನರಗಳ ಪರೀಕ್ಷೆಯ ವರದಿ ಲಗತ್ತಿಸಿದೆ. ನನ್ನ ಪ್ರತಿಯ ಮೇಲೆ ಕಚೇರಿಯ ಮುದ್ರೆ ಹಾಕಿಸಿಕೊಂಡೆ. ಆ ಮುದ್ರೆಯಿಲ್ಲದೆ ದಯವಿಟ್ಟು ವಾಪಸು ಬರಬೇಡಿ.

ಮರುಪರೀಕ್ಷೆಯಲ್ಲಿ ಕಾಲಿಗೆ 18 ಬಂತು. ಎರಡನ್ನೂ ನೇರವಾಗಿ ಕೂಡಿಸುವುದಿಲ್ಲ ಎಂಬುದು ನಿಮಗೆ ತಿಳಿದಿರಲಿ. ದೊಡ್ಡ ಅಂಕಿಯನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸುತ್ತಾರೆ. ನನ್ನ ಲೆಕ್ಕದಲ್ಲಿ 60ನ್ನು 18ರಿಂದ ಗುಣಿಸಿ 90ರಿಂದ ಭಾಗಿಸಿದರೆ 12. ಒಟ್ಟು 48 ಅಲ್ಲ, 42. ಆದರೂ 40 ದಾಟಿತು. ಹೊಸ ಪ್ರಮಾಣಪತ್ರ ಇಟ್ಟು ಮತ್ತೆ ಅರ್ಜಿ ಕೊಟ್ಟಾಗ ಮಾಸಾಶನ ಮಂಜೂರಾಯಿತು.

ನಿಮ್ಮ ತಮ್ಮನ ಹಾಳೆಯಲ್ಲಿ ಕೈ, ಕಾಲು ಎರಡನ್ನೂ ಅಳೆದೇ 35 ಬಂದಿದ್ದರೆ ಮೇಲ್ಮನವಿಗೆ ಬಲ ಕಡಿಮೆ. ಅಳತೆಯೇ ತಪ್ಪು ಎಂದು ತೋರಿಸುವ ತಜ್ಞರ ವರದಿ ಆಗ ಬೇಕಾಗುತ್ತದೆ. ಪರೀಕ್ಷೆಯ ನಂತರ ದೌರ್ಬಲ್ಯ ಹೆಚ್ಚಾಗಿದ್ದರೆ ಮೇಲ್ಮನವಿಗಿಂತ ಹೊಸ ಮೌಲ್ಯಮಾಪನಕ್ಕೆ ಅರ್ಜಿ ಕೊಡುವುದೇ ಸರಿ. ಬರವಣಿಗೆ ಕಷ್ಟವಾದರೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಕಲಚೇತನರಿಗೆ ವಕೀಲರ ನೆರವು ಉಚಿತ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಲ್ಲೇ ಆ ಹಕ್ಕಿದೆ.

ಮರುಪರೀಕ್ಷೆಯ ದಿನ ನೀವೂ ಜೊತೆಗೆ ಹೋಗಿ. ಅಂಗಿಯ ಗುಂಡಿ ಹಾಕುವವರು ಯಾರು, ಮೆಟ್ಟಿಲು ಹತ್ತುವಾಗ ಅವರು ಏನನ್ನು ಹಿಡಿದುಕೊಳ್ಳುತ್ತಾರೆ, ಕಳೆದ ತಿಂಗಳು ಎಷ್ಟು ಸಲ ಬಿದ್ದರು ಎಂಬುದನ್ನು ವೈದ್ಯರು ಕೇಳಿದಾಗ ಅವರು ‘ಪರವಾಗಿಲ್ಲ ಸರ್’ ಎಂದುಬಿಡುವ ಸಾಧ್ಯತೆ ಇದೆ. ಆಗ ನೀವು ಹೇಳಿ.